ಜಾಝ್ ಸಂಗೀತದ ಮೂಲಕಥನ: ಆಧಾರಗಳ ಒಂದು ವಿಮರ್ಶೆ

ಇಪ್ಪತ್ತನೆಯ ಶತಮಾನದ ಸಂಗೀತಪ್ರಕಾರಗಳ ಪೈಕಿ ಜಾಝ್‌ನಷ್ಟು ಚೊಕ್ಕವಾದ ಜನ್ಮಕಥೆಯನ್ನು ಪಡೆದಿರುವುದು ಮತ್ತೊಂದಿರಲಾರದು. ಕಥೆಯ ಒಕ್ಕಣೆ ಸ್ಥೂಲವಾಗಿ ಹೀಗಿದೆ: ಅಮೆರಿಕದ ಲೂಯಿಸಿಯಾನಾ ಸಂಸ್ಥಾನದ ನ್ಯೂ ಆರ್ಲಿಯನ್ಸ್ ನಗರದಲ್ಲಿ, ಕಾಂಗೋ ಚೌಕವೆಂಬ ಬಯಲಿನಲ್ಲಿ, ಆಫ್ರಿಕದಿಂದ ತರಲ್ಪಟ್ಟ ಗುಲಾಮರು ಭಾನುವಾರಗಳಂದು ಮದ್ದಳೆ ಬಡಿದು ಕುಣಿಯುತ್ತಿದ್ದರು, ಆ ಲಯವನ್ನು ಅವರ ಮೊಮ್ಮಕ್ಕಳು ಹಿತ್ತಾಳೆಯ ವಾದ್ಯಗಳಿಗೆ ಇಳಿಸಿದರು, ಬಡ್ಡಿ ಬೋಲ್ಡನ್ ಎಂಬ ಕ್ಷೌರಿಕನು ಹರದಾರಿಗಳ ದೂರಕ್ಕೆ ಕೇಳುವಂತೆ ಕಾರ್ನೆಟ್ ಊದಿ ಮೊದಲ ಜಾಝ್ ವಾದಕನೆನಿಸಿದನು, ಸ್ಟೋರಿವಿಲ್ ಎಂಬ ವೇಶ್ಯಾವಾಟಿಕೆಯಲ್ಲಿ ಆ ಸಂಗೀತವು ಬೆಳೆಯಿತು, 1917ರಲ್ಲಿ ಸರ್ಕಾರವು ವಾಟಿಕೆಯನ್ನು ಮುಚ್ಚಿಸಲು, ವಾದಕರು ಮಿಸಿಸಿಪಿ ನದಿಯ ಹಬೆಹಡಗುಗಳನ್ನೇರಿ ಷಿಕಾಗೋ ಸೇರಿದರು, ಅಲ್ಲಿಂದ ಅದು ಲೋಕವನ್ನೆಲ್ಲ ಗೆದ್ದು, ಬಿಳಿಯರಿಗೂ ಕಪ್ಪು ಜನಾಂಗದವರಿಗೂ ನಡುವಿದ್ದ ಗೋಡೆಯನ್ನು ಕೆಡವಿತು.

ಈ ಕಥೆಯ ಪ್ರತಿಯೊಂದು ಅಂಗವೂ ಯಾವುದೋ ಒಂದು ಸತ್ಯಾಂಶಕ್ಕೆ ಅಂಟಿಕೊಂಡೇ ನಿಂತಿದೆ. ಕಟ್ಟುಕಥೆಯೆಂದು ಒಮ್ಮೆಗೇ ತಳ್ಳಿಹಾಕುವಂತಿಲ್ಲ. ಆದರೆ ಅಂಗಗಳನ್ನು ಜೋಡಿಸಿರುವ ಕ್ರಮದಲ್ಲಿ ಒಂದು ಗೂಢವಾದ ಅಭಿಪ್ರಾಯವಡಗಿದೆ. ಮದ್ದಳೆ, ರಕ್ತ, ವೇಶ್ಯಾಗೃಹ, ನದಿ—ಇವೇ ಕಥೆಯ ಕರ್ತೃಗಳು. ವಿದ್ಯೆ, ಕಸುಬು, ಸಂಘ, ಕಾನೂನು ಇವುಗಳಿಗೆ ಅದರಲ್ಲಿ ಸ್ಥಳವೇ ಇಲ್ಲ. ಆಧಾರಗಳನ್ನು ಪರಾಮರ್ಶಿಸಿ ನೋಡಿದಾಗ ದೊರೆಯುವ ಚಿತ್ರವು ಬಹುಮಟ್ಟಿಗೆ ಇದಕ್ಕೆ ವಿಪರೀತವಾದುದೆಂಬುದನ್ನು ಪ್ರಸ್ತುತ ಲೇಖನದಲ್ಲಿ ತೋರಿಸಲು ಯತ್ನಿಸುತ್ತೇವೆ. ನಾವು ಸಂಗೀತಶಾಸ್ತ್ರಜ್ಞರಲ್ಲ, ಇತಿಹಾಸದ ವಿದ್ಯಾರ್ಥಿಗಳು. ನಮ್ಮ ಪರಿಶೀಲನೆಯೂ ಆ ಮೇರೆಯೊಳಗೇ ಇರುತ್ತದೆ.

ಮೊದಲು ಆಧಾರಗಳ ಸ್ವರೂಪವನ್ನು ಅರಿಯುವುದು ಅಗತ್ಯ. ಜಾಝ್ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದ ಮೊತ್ತಮೊದಲ ಗ್ರಾಮಫೋನ್ ತಟ್ಟೆಯು 1917ರ ಫೆಬ್ರವರಿ 26ರಂದು ನ್ಯೂಯಾರ್ಕಿನಲ್ಲಿ ವಿಕ್ಟರ್ ಕಂಪನಿಯಿಂದ ಮುದ್ರಿತವಾಯಿತು. ಅದನ್ನು ನುಡಿಸಿದ 'ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಝ್ ಬ್ಯಾಂಡ್' ಎಂಬ ತಂಡದ ಐವರೂ ಬಿಳಿಯರು. ನ್ಯೂ ಆರ್ಲಿಯನ್ಸಿನ ಕಪ್ಪು ವಾದಕರ ತಂಡವೊಂದು ಮುದ್ರಿತವಾದದ್ದು ಐದು ವರ್ಷಗಳ ಮೇಲೆ, 1922ರಲ್ಲಿ. ಕಿಡ್ ಓರಿಯ ಆ ತಂಡವು ಆಗ ಇದ್ದುದು ಲಾಸ್ ಏಂಜಲೀಸಿನಲ್ಲಿ. ಕಿಂಗ್ ಆಲಿವರನ ಪ್ರಸಿದ್ಧ ತಟ್ಟೆಗಳು 1923ಕ್ಕೆ ಸೇರಿದವು. ಅವು ಇಂಡಿಯಾನಾ ಪ್ರಾಂತದಲ್ಲಿ ತಯಾರಾದವು. ಅಂದಿನ ತಟ್ಟೆಯೊಂದರಲ್ಲಿ ಸುಮಾರು ಮೂರು ನಿಮಿಷಗಳಿಗಿಂತ ಹೆಚ್ಚಿನ ಸಂಗೀತಕ್ಕೆ ಎಡೆಯಿರಲಿಲ್ಲ. ದೊಡ್ಡ ಮದ್ದಳೆಯ ಪೆಟ್ಟಿಗೆ ಮುದ್ರಣದ ಸೂಜಿಯು ನೆಗೆಯುತ್ತಿದ್ದುದರಿಂದ ಮದ್ದಳೆಯನ್ನು ಹಿಂದಕ್ಕೆ ಸರಿಸುವುದೋ ಬಿಟ್ಟುಬಿಡುವುದೋ ವಾಡಿಕೆಯಾಗಿತ್ತು. ಹೀಗೆ ಹುಟ್ಟಿದೂರಿನಿಂದ ದೂರದಲ್ಲಿ, ಹುಟ್ಟಿದ ಎಷ್ಟೋ ವರ್ಷಗಳ ಮೇಲೆ, ಯಂತ್ರದ ಅನುಕೂಲಕ್ಕೆ ತಕ್ಕಂತೆ ಉಳಿದುಬಂದ ಧ್ವನಿಯೇ ನಮ್ಮ ಪ್ರಥಮ ಸಾಕ್ಷ್ಯ.

ಎರಡನೆಯದು ವಾದಕರ ನೆನಪುಗಳು. ಜೆಲ್ಲಿ ರೋಲ್ ಮಾರ್ಟನ್‌ನ ಮಾತು-ಸಂಗೀತಗಳನ್ನು ಅಲನ್ ಲೋಮ್ಯಾಕ್ಸ್ ಅಮೆರಿಕದ ಸಂಸದೀಯ ಗ್ರಂಥಾಲಯಕ್ಕಾಗಿ 1938ರಲ್ಲಿ ಮುದ್ರಿಸಿಕೊಂಡರು. ಮರುವರ್ಷ, ಅಂದರೆ 1939ರಲ್ಲಿ, ರ್‍ಯಾಮ್ಸೆ ಮತ್ತು ಸ್ಮಿತ್ ಸಂಪಾದಿಸಿದ 'ಜಾಝ್‌ಮೆನ್' ಎಂಬ ಗ್ರಂಥವು ಹೊರಬಂತು. ಟುಲೇನ್ ವಿಶ್ವವಿದ್ಯಾನಿಲಯದಲ್ಲಿ ವೃದ್ಧ ವಾದಕರ ಸಂದರ್ಶನಗಳನ್ನು ಸಂಗ್ರಹಿಸುವ ದಫ್ತರಖಾನೆ ಸ್ಥಾಪಿತವಾದದ್ದು 1958ರಲ್ಲಿ. ಮೂರನೆಯ ಬಗೆಯ ಆಧಾರಗಳಾದ ನಗರದ ವಿಳಾಸಪಟ್ಟಿಗಳು, ಚರ್ಚಿನ ಜ್ಞಾನಸ್ನಾನದ ದಾಖಲೆಗಳು, ಪೊಲೀಸ್ ಹಾಗೂ ನ್ಯಾಯಾಲಯದ ಕಾಗದಗಳು ಇವುಗಳತ್ತ ಸಂಶೋಧಕರ ದೃಷ್ಟಿ ಹರಿದದ್ದು ಬಹಳ ತಡವಾಗಿ. ಶಾಸನವನ್ನೂ ಕೈಫಿಯತ್ತನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದೆಂಬುದು ನಮ್ಮ ಶಾಖೆಯವರಿಗೆ ಹಳೆಯ ಪಾಠ. ಜಾಝ್‌ನ ವಿಷಯದಲ್ಲಾದರೋ ಕೈಫಿಯತ್ತುಗಳನ್ನೋದಿ ಚರಿತ್ರೆಯನ್ನು ಬರೆದು ಮುಗಿಸಿದ ನಂತರ ಶಾಸನಗಳನ್ನು ಹುಡುಕಹೊರಟಂತಾಯಿತು.

ಕಾಂಗೋ ಚೌಕದ ವಿಚಾರವನ್ನು ತೆಗೆದುಕೊಳ್ಳೋಣ. ಅಲ್ಲಿ ಕುಣಿತಗಳು ನಡೆಯುತ್ತಿದ್ದುದು ನಿರ್ವಿವಾದ. ಗುಲಾಮರು ಭಾನುವಾರದಂದು ಮಾತ್ರ, ಅದೂ ಮೇಯರನು ಗೊತ್ತುಮಾಡಿದ ಸ್ಥಳದಲ್ಲಿ, ಕೂಡತಕ್ಕದ್ದೆಂದು 1817ರ ನಗರಾಜ್ಞೆ ವಿಧಿಸಿತು. ಬೆಂಜಮಿನ್ ಲಾಟ್ರೋಬ್ ಎಂಬ ವಾಸ್ತುಶಿಲ್ಪಿಯು 1819ರಲ್ಲಿ ಅದನ್ನು ಕಣ್ಣಾರೆ ಕಂಡು ತನ್ನ ದಿನಚರಿಯಲ್ಲಿ ವಾದ್ಯಗಳ ಚಿತ್ರಗಳನ್ನೂ ಬರೆದಿಟ್ಟನು. ಆದರೆ ಈ ಕೂಟಗಳು 1861ರಲ್ಲಿ ಆರಂಭವಾದ ಅಂತರ್ಯುದ್ಧಕ್ಕೆ ಮುನ್ನವೇ ನಿಂತುಹೋದಂತೆ ಕಾಣುತ್ತದೆ. ಅವು 1880ರ ದಶಕದವರೆಗೂ ನಡೆದವೆಂಬ ಭಾವನೆ ಹಬ್ಬಲು ಜಾರ್ಜ್ ವಾಷಿಂಗ್ಟನ್ ಕೇಬಲನು 1886ರಲ್ಲಿ ಪ್ರಕಟಿಸಿದ ಸಚಿತ್ರ ಪ್ರಬಂಧವೇ ಕಾರಣ. ಅದರ ಸಾಮಗ್ರಿಯ ಬಹುಭಾಗವು ಹಳೆಯ ಗ್ರಂಥಗಳಿಂದ ಎತ್ತಿಕೊಂಡದ್ದು. ಬೋಲ್ಡನ್ ಹುಟ್ಟಿದ್ದು 1877ರಲ್ಲಿ. ಚೌಕದ ಕೊನೆಯ ಮದ್ದಳೆಗೂ ಅವನ ಮೊದಲ ಕಾರ್ನೆಟ್ಟಿಗೂ ನಡುವೆ ಒಂದು ತಲೆಮಾರಿಗೆ ಮಿಕ್ಕಿದ ಮೌನವಿದೆ. ಈ ಕಂದರಕ್ಕೆ ಸೇತುವೆ ಕಟ್ಟಿದವರಲ್ಲಿ ಸಿಡ್ನಿ ಬೆಷೆ ಪ್ರಮುಖನು. ಅವನು ತೀರಿಕೊಂಡ ಮರುವರ್ಷ, 1960ರಲ್ಲಿ, ಪ್ರಕಟವಾದ ಆತ್ಮಕಥೆಯಲ್ಲಿ ಒಮಾರ್ ಎಂಬ ಅಜ್ಜನು ಚೌಕದಲ್ಲಿ ಮದ್ದಳೆ ನುಡಿಸುತ್ತಿದ್ದ ಕರುಣಾಜನಕವಾದ ವೃತ್ತಾಂತವಿದೆ. ಅದು 1837ರಲ್ಲಿ ಹತನಾದ ಬ್ರಾ-ಕೂಪೆ ಎಂಬ ಪಲಾಯಿತ ಗುಲಾಮನ ಐತಿಹ್ಯವನ್ನೇ ತಮ್ಮ ಮನೆತನದ ಚರಿತ್ರೆಯಾಗಿ ಹೇಳಿಕೊಂಡದ್ದೆಂದು ಸಂಶೋಧಕರು ಗುರುತಿಸಿದ್ದಾರೆ. ಬೆಷೆಯು ಸುಳ್ಳಾಡಿದನೆಂದು ನಾವು ಹೇಳುವುದಿಲ್ಲ. ವಂಶಾವಳಿಯನ್ನು ಕಸಿದುಕೊಳ್ಳಲ್ಪಟ್ಟ ಜನಾಂಗದವನೊಬ್ಬನು ಪೂರ್ವಜನನ್ನು ಆರಿಸಿಕೊಂಡನು. ಆ ಪುಸ್ತಕವು 1830ರ ದಶಕಕ್ಕೆ ಸಾಕ್ಷಿಯಲ್ಲ. ಬೆಷೆಯ ಕಾಲದವರ ಹೃದಯಕ್ಕೆ ಸಾಕ್ಷಿ.

ಬೋಲ್ಡನ್ನನ ಕಥೆಯಂತೂ ಇನ್ನೂ ಬೋಧಪ್ರದವಾಗಿದೆ. ಅವನು ಕ್ಷೌರಿಕನಾಗಿದ್ದನೆಂದೂ 'ಕ್ರಿಕೆಟ್' ಎಂಬ ಚಾಡಿಪತ್ರಿಕೆಯ ಸಂಪಾದಕನಾಗಿದ್ದನೆಂದೂ 'ಜಾಝ್‌ಮೆನ್' ಗ್ರಂಥವು ಬರೆಯಿತು. ನಲವತ್ತು ವರ್ಷಗಳ ಕಾಲ ಲೋಕವೆಲ್ಲ ಅದನ್ನೇ ನಕಲು ಮಾಡಿತು. ಡೊನಾಲ್ಡ್ ಮಾರ್ಕ್ವಿಸ್ 1978ರಲ್ಲಿ ಪ್ರಕಟಿಸಿದ ಸಂಶೋಧನೆಯು ಎರಡನ್ನೂ ಅಳಿಸಿಹಾಕಿತು. ವಿಳಾಸಪಟ್ಟಿಗಳಲ್ಲಿ ಬೋಲ್ಡನ್ ಮೊದಲು ಗಾರೆ ಕೆಲಸದವನು, ಆಮೇಲೆ ಸಂಗೀತಗಾರ. ಅವನ ಜೀವಿತಕಾಲದಲ್ಲಿ ವೃತ್ತಪತ್ರಿಕೆಗಳು ಅವನನ್ನು ಹೆಸರಿಸಿದ್ದು 1906ರಲ್ಲಿ, ಬುದ್ಧಿಭ್ರಮಣೆಯಿಂದ ಮನೆಯವರ ಮೇಲೆ ಕೈಮಾಡಿ ಬಂಧನಕ್ಕೊಳಗಾದಾಗ. ಊರೆಲ್ಲ ಕುಣಿಯುವಂತೆ ನುಡಿಸಿದವನ ಸಂಗೀತದ ಬಗ್ಗೆ ಊರಿನ ಪತ್ರಿಕೆಗಳಿಗೆ ಬರೆಯಬೇಕಾದದ್ದೇನೂ ತೋರಲಿಲ್ಲ! 1907ರಲ್ಲಿ ಅವನನ್ನು ಸರ್ಕಾರಿ ಮಾನಸಿಕ ಆಸ್ಪತ್ರೆಗೆ ಸೇರಿಸಲಾಯಿತು. 1931ರಲ್ಲಿ ಅಲ್ಲಿಯೇ ಮೃತನಾದನು. ಅವನ ಒಂದು ತಟ್ಟೆಯೂ ಉಳಿದಿಲ್ಲ. ಖಚಿತವಾಗಿ ಅವನದೆನ್ನಬಹುದಾದ ಛಾಯಾಚಿತ್ರ ಒಂದೇ ಒಂದು.

'ಜಾಝ್‌ಮೆನ್' ಗ್ರಂಥದ ಮುಖ್ಯ ಸಾಕ್ಷಿ ಬಂಕ್ ಜಾನ್ಸನ್. ತಾನು 1879ರಲ್ಲಿ ಹುಟ್ಟಿ, 1895ರಲ್ಲಿ ಬೋಲ್ಡನ್ನನ ಮೇಳವನ್ನು ಸೇರಿದೆನೆಂದು ಅವನು ಹೇಳಿಕೊಂಡನು. ಈಚಿನವರು ಬಹುಮಟ್ಟಿಗೆ ಒಪ್ಪಿರುವಂತೆ ಅವನ ಜನ್ಮವರ್ಷ 1889. ಹಾಗಿದ್ದಲ್ಲಿ ಮೇಳ ಸೇರಿದಾಗ ಅವನಿಗೆ ಆರು ವರ್ಷ! ಮಾರ್ಟನ್ ತಾನೇ 1902ರಲ್ಲಿ ಜಾಝನ್ನು ಸೃಷ್ಟಿಸಿದೆನೆಂದು 1938ರಲ್ಲಿ ಸಾರಿದನು. ಜ್ಞಾನಸ್ನಾನದ ದಾಖಲೆಯಂತೆ ಅವನು ಹುಟ್ಟಿದ್ದು 1890ರಲ್ಲಿ. ಲೂಯಿ ಆರ್ಮ್‌ಸ್ಟ್ರಾಂಗ್ ಕೂಡ 1900ರ ಜುಲೈ 4, ಅಂದರೆ ರಾಷ್ಟ್ರದ ಸ್ವಾತಂತ್ರ್ಯೋತ್ಸವದ ದಿನ, ತನ್ನ ಜನ್ಮದಿನವೆಂದು ಜೀವಮಾನವೆಲ್ಲ ಹೇಳುತ್ತ ಬಂದನು. 1988ರಲ್ಲಿ ಬೆಳಕಿಗೆ ಬಂದ ಚರ್ಚಿನ ದಾಖಲೆಯಲ್ಲಿ ಅದು 1901ರ ಆಗಸ್ಟ್ 4. ಈ ತಪ್ಪುಗಳನ್ನು ಎಣಿಸಿ ನಗುವುದು ನಮ್ಮ ಉದ್ದೇಶವಲ್ಲ. ಕಪ್ಪು ಜನರ ಜನನಮರಣಗಳನ್ನು ನೆಟ್ಟಗೆ ಬರೆದಿಡದ ಸಮಾಜವೇ ಇವುಗಳಿಗೆ ಹೊಣೆ. ಜೊತೆಗೆ, 1938ರ ಹೊತ್ತಿಗೆ ಮಾರ್ಟನ್ನನೂ ಬಂಕನೂ ಮರೆತುಹೋದ ಮುದುಕರಾಗಿದ್ದರು. ಪ್ರಶ್ನೆ ಕೇಳಲು ಬಂದ ಬಿಳಿಯ ತರುಣರ ಕೈಯಲ್ಲಿ ಅವರ ಅನ್ನವಿತ್ತು. ಸಾಕ್ಷಿಯು ಯಾರ ಮುಂದೆ, ಯಾವ ಅಗತ್ಯದಿಂದ ನುಡಿದನೆಂಬುದನ್ನು ಕೇಳದೆ ಸಾಕ್ಷ್ಯವನ್ನು ಬೆಲೆಗಟ್ಟಲಾಗದು.

ಸ್ಟೋರಿವಿಲ್ಲಿನ ಭಾಗವನ್ನು ಬೇಗನೆ ಮುಗಿಸಬಹುದು. ಆ ವಾಟಿಕೆಯು 1897ರ ನಗರಾಜ್ಞೆಯಿಂದ ಹುಟ್ಟಿ, ನೌಕಾಖಾತೆಯ ಒತ್ತಾಯದಿಂದ 1917ರ ನವೆಂಬರಿನಲ್ಲಿ ಮುಚ್ಚಿತು. ಅಲ್ಲಿಯ ಮನೆಗಳಲ್ಲಿ ನುಡಿಸುತ್ತಿದ್ದವರು ಹೆಚ್ಚಾಗಿ ಒಂಟಿ ಪಿಯಾನೊ ವಾದಕರು. ಮೇಳಗಳಿಗೆ ಅನ್ನ ಕೊಟ್ಟದ್ದು ನಾಟ್ಯಶಾಲೆ, ಉದ್ಯಾನ, ಮೆರವಣಿಗೆ, ವನಭೋಜನಗಳು. ಫ್ರೆಡ್ಡಿ ಕೆಪರ್ಡ್ ಮುಂತಾದವರ 'ಒರಿಜಿನಲ್ ಕ್ರಿಯೋಲ್' ತಂಡವು 1914ರಿಂದಲೇ ರಂಗಭೂಮಿಯ ಸರ್ಕೀಟುಗಳಲ್ಲಿ ದೇಶವನ್ನು ಸುತ್ತುತ್ತಿತ್ತೆಂಬುದನ್ನು ಲಾರೆನ್ಸ್ ಗುಷೀಯ 2005ರ ಗ್ರಂಥವು ವಿವರವಾಗಿ ತೋರಿಸಿದೆ. ಮೊದಲ ತಟ್ಟೆಯು ಮಾರಾಟವಾಗುತ್ತಿದ್ದಾಗ ವಾಟಿಕೆಯ ಬಾಗಿಲು ಇನ್ನೂ ತೆರೆದೇ ಇತ್ತು. ನದಿಯ ಮೇಲೆ ಸಾಗಿ ಷಿಕಾಗೋ ಸೇರಿದರೆಂಬವರು ಒಮ್ಮೆ ಭೂಪಟವನ್ನು ನೋಡುವುದೊಳಿತು. ಮಿಸಿಸಿಪಿಯು ಆ ನಗರವನ್ನು ಮುಟ್ಟುವುದೇ ಇಲ್ಲ. ಹಡಗುಗಳಲ್ಲಿ ಮೇಳಗಳಿದ್ದುದು ನಿಜ. ಆರ್ಮ್‌ಸ್ಟ್ರಾಂಗನೂ ಫೇಟ್ ಮೆರಬಲನ ಹಡಗುಮೇಳದಲ್ಲಿ ಪಳಗಿದವನೇ. ಆದರೆ ಅವನು 1922ರಲ್ಲಿ ಷಿಕಾಗೋ ತಲುಪಿದ್ದು ರೈಲಿನಲ್ಲಿ—ದಕ್ಷಿಣದ ದೌರ್ಜನ್ಯದಿಂದ ಬೇಸತ್ತ ಲಕ್ಷಾಂತರ ಕೂಲಿಕಾರರು ಉತ್ತರದ ಕಾರ್ಖಾನೆಗಳಿಗೆ ಹೊರಟ ಅದೇ ದಾರಿಯಲ್ಲಿ. ನದಿ ಕಾವ್ಯಕ್ಕೆ ಚೆನ್ನ, ಚರಿತ್ರೆಗೆ ರೈಲು.

ಹಾಗಾದರೆ ಆಧಾರಗಳು ತೋರಿಸುವುದೇನನ್ನು? ಮೊದಲನೆಯದಾಗಿ ಸಂಘಗಳನ್ನು. ವಿಮಾ ಕಂಪನಿಗಳು ಹತ್ತಿರ ಸೇರಿಸದಿದ್ದ ಆ ಕಾಲದಲ್ಲಿ ನ್ಯೂ ಆರ್ಲಿಯನ್ಸಿನ ಕಪ್ಪು ಜನಾಂಗದವರು ಅಸಂಖ್ಯಾತ ಪರಸ್ಪರ ಸಹಾಯ ಸಂಘಗಳನ್ನು ಕಟ್ಟಿಕೊಂಡಿದ್ದರು. ಚಂದಾ ಕೊಟ್ಟ ಸದಸ್ಯನಿಗೆ ಕಾಯಿಲೆಯಲ್ಲಿ ವೈದ್ಯ, ಸತ್ತರೆ ಗೌರವದ ಶವಸಂಸ್ಕಾರ. ಆ ಗೌರವದಲ್ಲಿ ಬ್ಯಾಂಡೂ ಸೇರಿತ್ತು. ಸ್ಮಶಾನಕ್ಕೆ ಹೋಗುವಾಗ ವಿಲಂಬದಲ್ಲಿ ಭಕ್ತಿಗೀತೆ, ಹಿಂತಿರುಗುವಾಗ ಚುರುಕಾದ ನಡೆ. ಹಿಂದೆ ಕುಣಿಯುತ್ತ ಬರುವ ಜನರ 'ಎರಡನೆಯ ಸಾಲು'. 'ಎಕ್ಸೆಲ್ಸಿಯರ್', 'ಆನ್‌ವರ್ಡ್' ಮುಂತಾದ ಬ್ಯಾಂಡುಗಳಿಗೆ ವರ್ಷವಿಡೀ ಕೆಲಸ ಕೊಟ್ಟು ಸಾಕಿದ್ದು ಈ ಸಂಘಗಳ ಚಂದಾಹಣ. ಜಾಝ್‌ನ ತೊಟ್ಟಿಲನ್ನು ಹುಡುಕಲೇಬೇಕೆಂದಿದ್ದರೆ ವೇಶ್ಯಾಗೃಹಕ್ಕಿಂತ ಈ ಸಂಘಗಳ ಲೆಕ್ಕದ ಪುಸ್ತಕಗಳಲ್ಲಿ ಹುಡುಕುವುದು ಮೇಲು.

ಎರಡನೆಯದಾಗಿ ವಿದ್ಯೆಯನ್ನು. ನಗರದ ಕೆಳಭಾಗದಲ್ಲಿ ಕ್ರಿಯೋಲರೆಂಬ ಮಿಶ್ರವರ್ಣದ, ಫ್ರೆಂಚ್ ಮಾತನಾಡುವ ಕೆಥೋಲಿಕ್ ಸಮುದಾಯವಿತ್ತು. ಅವರಲ್ಲಿ ಅನೇಕರು ಗುಲಾಮಗಿರಿಯ ಕಾಲದಲ್ಲಿಯೂ ಸ್ವತಂತ್ರರಾಗಿದ್ದವರು. ಚುರುಟು ಸುತ್ತುವ ಮಾನ್ಯುಯಲ್ ಪೆರೆಜ್, ಗಾರೆ ಕೆಲಸದ ಜಾನಿ ಸೇಂಟ್ ಸಿರ್ ಮೊದಲಾದವರು ಹಗಲು ಕುಶಲಕರ್ಮಿಗಳು, ಸಂಜೆ ವಾದಕರು. ಟಿಯೋ ಮನೆತನದವರು ತಲೆಮಾರುಗಳ ಕಾಲ ಕ್ಲಾರಿಯೊನೆಟ್ ಪಾಠ ಹೇಳಿದರು. ಸ್ವರಲಿಪಿಯನ್ನು ಬಾಯಲ್ಲಿ ಹಾಡಿ ಒಪ್ಪಿಸದವನ ಕೈಗೆ ವಾದ್ಯವನ್ನೇ ಕೊಡದ ಗುರುಗಳಿದ್ದರು. ನಗರದ ಮೇಲುಭಾಗದಲ್ಲಿದ್ದವರು ಹೊಲತೋಟಗಳಿಂದ ವಲಸೆ ಬಂದ, ಇಂಗ್ಲಿಷ್ ಮಾತನಾಡುವ ಬ್ಯಾಪ್ಟಿಸ್ಟರು. ಅವರೊಡನೆ ಚರ್ಚಿನ ಪ್ರಶ್ನೋತ್ತರ ಗಾಯನ, ಬ್ಲೂಸ್ ಹಾಡುಗಳು, ಸ್ವರಸ್ಥಾನವನ್ನು ಬಾಗಿಸಿ ನುಡಿಸುವ ಪದ್ಧತಿ ಇವೆಲ್ಲವೂ ಬಂದವು. ಆಫ್ರಿಕದ ದಾಯವು ಜಾಝ್‌ಗೆ ಬಂದದ್ದು ಮುಖ್ಯವಾಗಿ ಈ ಜೀವಂತ ಮಾರ್ಗದಿಂದ. ಅದಕ್ಕೆ ಚೌಕದ ಐತಿಹ್ಯದ ಆಸರೆ ಬೇಕಿಲ್ಲ. ಇದನ್ನು ಒತ್ತಿ ಹೇಳುವ ಅಗತ್ಯವುಂಟು. ಏಕೆಂದರೆ ಮೊದಲ ತಟ್ಟೆಯ ತಂಡದ ನಾಯಕನಾಗಿದ್ದ ನಿಕ್ ಲರೋಕನು ವೃದ್ಧಾಪ್ಯದಲ್ಲಿ, ಜಾಝ್ ಬಿಳಿಯರ ಸೃಷ್ಟಿಯೆಂದೂ ಕಪ್ಪು ಜನರಿಗೆ ಅದರಲ್ಲಿ ಪಾತ್ರವಿಲ್ಲವೆಂದೂ ಹಟಹಿಡಿದು ವಾದಿಸಿದನು. ಅವನ ಆ ತಟ್ಟೆಯ 'ಲಿವರಿ ಸ್ಟೇಬಲ್ ಬ್ಲೂಸ್' ಯಾರ ಸ್ವತ್ತೆಂಬ ವ್ಯಾಜ್ಯವು 1917ರಲ್ಲಿಯೇ ಷಿಕಾಗೋ ನ್ಯಾಯಾಲಯಕ್ಕೆ ಹೋಗಿ, ನ್ಯಾಯಾಧೀಶನು ಉಭಯಪಕ್ಷಗಳಿಗೂ ಹಕ್ಕನ್ನು ನಿರಾಕರಿಸಿದ್ದನೆಂಬುದನ್ನು ಇಲ್ಲಿ ನೆನೆಯಬಹುದು.

ಮೂರನೆಯದು ಕಾನೂನು. ಲೂಯಿಸಿಯಾನಾ ಸಂಸ್ಥಾನವು 1890ರಲ್ಲಿ ರೈಲುಗಾಡಿಗಳಲ್ಲಿ ವರ್ಣಭೇದವನ್ನು ಕಡ್ಡಾಯ ಮಾಡಿತು. ಅದನ್ನು ಪ್ರತಿಭಟಿಸಿ 1892ರಲ್ಲಿ ಬಿಳಿಯರ ಗಾಡಿಯಲ್ಲಿ ಕುಳಿತ ಹೋಮರ್ ಪ್ಲೆಸ್ಸಿ ಇದೇ ಕ್ರಿಯೋಲ್ ಸಮುದಾಯದ ಒಬ್ಬ ಜೋಡು ಹೊಲಿಯುವವನು. 1896ರಲ್ಲಿ ಪರಮೋಚ್ಚ ನ್ಯಾಯಾಲಯವು ಅವನಿಗೆ ವಿರುದ್ಧವಾಗಿ ತೀರ್ಪಿತ್ತು ಭೇದವನ್ನು ಎತ್ತಿಹಿಡಿಯಿತು. 1898ರ ಸಂಸ್ಥಾನ ಸಂವಿಧಾನವು ಮತದಾನದ ಹಕ್ಕಿಗೆ ನಿರ್ಬಂಧಗಳನ್ನು ಹೇರಲು, 1896ರಲ್ಲಿ 1,30,334 ಇದ್ದ ಕಪ್ಪು ಮತದಾರರ ಸಂಖ್ಯೆ 1900ರ ವೇಳೆಗೆ 5,320ಕ್ಕೆ ಇಳಿಯಿತು. ಆ ವರ್ಷದ ಜುಲೈಯಲ್ಲಿಯೇ ನಗರದಲ್ಲಿ ಘೋರವಾದ ವರ್ಣಗಲಭೆ ನಡೆಯಿತು. ಬೋಲ್ಡನ್ನನ ಮೇಳವು ಪ್ರಸಿದ್ಧಿಗೆ ಬಂದದ್ದು ಸರಿಯಾಗಿ ಈ ವರ್ಷಗಳಲ್ಲಿ. ತಮ್ಮನ್ನು ಬೇರೆಯೆಂದೆಣಿಸಿಕೊಂಡಿದ್ದ ಕ್ರಿಯೋಲರು ಕಾನೂನಿನ ಕಣ್ಣಿನಲ್ಲಿ ಉಳಿದ ಕಪ್ಪು ಜನರೊಂದಿಗೆ ಸಮಾನರಾದರು. ಓದಿ ನುಡಿಸುವವರಿಗೂ ಕೇಳಿ ನುಡಿಸುವವರಿಗೂ ಒಂದೇ ಮೇಳದಲ್ಲಿ ಸ್ಥಳವಾಯಿತು. ಒಂದೇ ಒಂದು ಶಾಸನದಿಂದ ಒಂದು ದಿನದಲ್ಲಿ ಇದಾಯಿತೆಂದು ಬರೆಯುವವರಿದ್ದಾರೆ, ಅದು ಅತಿಸರಳ. ಒಂದು ದಶಕದ ಅವಧಿಯಲ್ಲಿ, ನೆರೆಹೊರೆಯ ಮನಸ್ತಾಪಗಳ ನಡುವೆಯೇ, ಇದು ನಡೆಯಿತು. ರಾಜಕೀಯ ಹಕ್ಕಿನ ಬಾಗಿಲುಗಳು ಮುಚ್ಚುತ್ತಿದ್ದಾಗ ಒಂದು ಸುಶಿಕ್ಷಿತ ಕಸುಬುದಾರ ವರ್ಗದ ವಿದ್ಯೆಯೂ ವಲಸೆಗಾರ ಶ್ರಮಿಕರ ಸಂಪ್ರದಾಯವೂ ಒಂದೆಡೆ ಕೂಡಿದ್ದೇ ಜಾಝ್‌ನ ಉಗಮವೆಂದು ನಮ್ಮ ಅಭಿಪ್ರಾಯ. ಅದನ್ನು ರಕ್ತದಲ್ಲಿ ಹರಿಯುವ ಲಯವೆಂದು ಕೊಂಡಾಡುವುದು ಮೇಲ್ನೋಟಕ್ಕೆ ಹೊಗಳಿಕೆ. ಒಳಗೆ, ಕಲಿತು ಸಾಧಿಸಿದವರಿಂದ ಕಲಿಕೆಯ ಕೀರ್ತಿಯನ್ನು ಕಿತ್ತುಕೊಳ್ಳುವ ಉಪಾಯ.

ಈ ಅಭಿಪ್ರಾಯಕ್ಕೆ ಭಾರತದಿಂದಲೂ ಒಂದು ಪೋಷಕ ನಿದರ್ಶನ ದೊರೆಯುತ್ತದೆ. 1935ರಲ್ಲಿ ಲಿಯಾನ್ ಆ್ಯಬಿಯ ಕಪ್ಪು ವಾದಕರ ತಂಡವು ಮುಂಬಯಿಯ ತಾಜಮಹಲ್ ಹೋಟೆಲಿಗೆ ಬಂತು. ಪಿಯಾನೊ ವಾದಕ ಟೆಡ್ಡಿ ವೆದರ್‌ಫರ್ಡ್ ಅನಂತರ ಬಂದು, 1945ರಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡನು. ಇವರಿಂದ ಜಾಝನ್ನು ಮೊದಲು ಕೈವಶ ಮಾಡಿಕೊಂಡವರಲ್ಲಿ ಗೋವೆಯ ವಾದಕರು ಮುಖ್ಯರು. ಅವರಿಗೆ ಆಫ್ರಿಕದ ರಕ್ತವಿರಲಿಲ್ಲ. ಚರ್ಚಿನ ಶಾಲೆಗಳಲ್ಲಿ ಕಲಿತ ಸ್ವರಲಿಪಿಯಿತ್ತು. ಚಿಕ್ ಚಾಕೊಲೇಟ್ ಮುಂತಾದವರ ಮೂಲಕ ಆ ವಿದ್ಯೆಯು ಹಿಂದಿ ಚಲನಚಿತ್ರಗಳ ವಾದ್ಯಮೇಳವನ್ನು ಪ್ರವೇಶಿಸಿತು. ನರೇಶ್ ಫರ್ನಾಂಡಿಸರ 2012ರ ಗ್ರಂಥವು ಈ ವಿಷಯಕ್ಕೆ ಮೀಸಲಾಗಿದೆ.

ಇನ್ನು ಜಾಝ್ ವರ್ಣಭೇದದ ಗೋಡೆಯನ್ನು ಕೆಡವಿತೆಂಬ ಮಾತು. 1920ರ ದಶಕದಲ್ಲಿ ಈ ಸಂಗೀತವು ನಗರಜೀವನದ ನಡೆನುಡಿ, ನೃತ್ಯ, ಉಡುಪುಗಳನ್ನು ಮಾರ್ಪಡಿಸಿದ್ದು ನಿಜ. 1921ರಲ್ಲಿ ಮಹಿಳೆಯರ ಪ್ರಖ್ಯಾತ ಮಾಸಪತ್ರಿಕೆಯೊಂದು ಜಾಝ್ ಪಾಪಕ್ಕೆ ಪ್ರೇರಕವೇ ಎಂಬ ಚರ್ಚೆಗೆ ಪುಟಗಳನ್ನು ಕೊಟ್ಟಿತು. ಆದರೆ ಹಾರ್ಲೆಮ್ಮಿನ ಕಾಟನ್ ಕ್ಲಬ್ಬನ್ನು ನೋಡಿ: 1927ರಿಂದ ಡ್ಯೂಕ್ ಎಲಿಂಗ್‌ಟನ್ ಅಲ್ಲಿ ನುಡಿಸುತ್ತಿದ್ದನು, ವೇದಿಕೆಯ ಮೇಲಿದ್ದವರೆಲ್ಲ ಕಪ್ಪು ಜನಾಂಗದವರು, ಮೇಜುಗಳು ಬಿಳಿಯರಿಗೆ ಮೀಸಲು. ಗೋಡೆಗೆ ಕಿಟಕಿಯೊಂದನ್ನು ಕೊರೆದು ಅದರ ಮುಂದೆ ಕುರ್ಚಿ ಹಾಕಿದಂತೆ! ವಾದಕರ ಕಾರ್ಮಿಕ ಸಂಘಗಳೇ ವರ್ಣಾನುಸಾರ ಇಬ್ಭಾಗವಾಗಿದ್ದವು; ಲಾಸ್ ಏಂಜಲೀಸಿನಲ್ಲಿ ಅವು ಒಂದಾದದ್ದು 1953ರಲ್ಲಿ, ಷಿಕಾಗೋದಲ್ಲಿ 1966ರಲ್ಲಿ. ಬೆನ್ನಿ ಗುಡ್‌ಮನ್ನನು 1936ರಲ್ಲಿ ಟೆಡ್ಡಿ ವಿಲ್ಸನ್, ಲಯೊನೆಲ್ ಹ್ಯಾಂಪ್ಟನ್ ಇವರನ್ನು ತನ್ನ ಮೇಳಕ್ಕೆ ಸೇರಿಸಿ, 1938ರ ಜನವರಿಯಲ್ಲಿ ಕಾರ್ನೆಗಿ ಸಭಾಂಗಣದಲ್ಲಿ ಅವರೊಡನೆ ನುಡಿಸಿದನು. ಅದೇ ವರ್ಷದ ಕೊನೆಯಲ್ಲಿ ಬಾರ್ನಿ ಜೋಸೆಫ್‌ಸನ್ ಎಂಬ ಪಾದರಕ್ಷೆಯ ವರ್ತಕನು ಎಲ್ಲ ವರ್ಣದ ಶ್ರೋತೃಗಳೂ ಒಟ್ಟಿಗೆ ಕೂರಬಹುದಾದ 'ಕೆಫೆ ಸೊಸೈಟಿ'ಯನ್ನು ನ್ಯೂಯಾರ್ಕಿನಲ್ಲಿ ತೆರೆದನು. ಇವು ನಿಜವಾದ ಹೆಜ್ಜೆಗಳು. ಆದರೆ ಇವನ್ನಿಟ್ಟವರು ಹೆಸರುಳ್ಳ ಮನುಷ್ಯರು. ಸಂಗೀತವು ತಾನಾಗಿಯೇ ನಡೆದುಬಂದದ್ದಲ್ಲ. ಅದೇ ಸಂಗೀತವನ್ನು ಕಾಟನ್ ಕ್ಲಬ್ಬಿನಲ್ಲಿ ಕೇಳಿದವರು ಮನೆಗೆ ಹಿಂತಿರುಗಿ ಹಿಂದಿನಂತೆಯೇ ಇರಲು ಅಡ್ಡಿಯೇನಿರಲಿಲ್ಲ.

1956ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆಯು ಡಿಝಿ ಗಿಲೆಸ್ಪಿಯ ತಂಡವನ್ನು ಸರ್ಕಾರಿ ವೆಚ್ಚದಲ್ಲಿ ಪರದೇಶಗಳಿಗೆ ಕಳುಹಿಸಿತು. ಡೇವ್ ಬ್ರೂಬೆಕ್ 1958ರಲ್ಲಿಯೂ ಎಲಿಂಗ್‌ಟನ್ 1963ರಲ್ಲಿಯೂ ಭಾರತಕ್ಕೆ ಬಂದದ್ದು ಇದೇ ಯೋಜನೆಯಲ್ಲಿ. ಜಾಝ್ ಸ್ವಾತಂತ್ರ್ಯದ ದನಿಯೆಂದು ಆ ಸರ್ಕಾರವು ಸಾರುತ್ತಿದ್ದ ಅದೇ 1956ರಲ್ಲಿ ಲೂಯಿಸಿಯಾನಾ ಶಾಸನಸಭೆಯು, ಬಿಳಿಯರೂ ಕಪ್ಪು ಜನರೂ ಕ್ರೀಡೆ ಮನರಂಜನೆಗಳಲ್ಲಿ ಒಟ್ಟಿಗೆ ಭಾಗವಹಿಸುವುದನ್ನು ನಿಷೇಧಿಸಿ ಕಾನೂನು ಮಾಡಿತು. ಆರ್ಮ್‌ಸ್ಟ್ರಾಂಗನ ಮೇಳವು ಮಿಶ್ರವರ್ಣದ್ದು. ತನ್ನ ಮೇಳದೊಂದಿಗೆ ಹುಟ್ಟೂರಿನಲ್ಲಿ ನುಡಿಸುವುದು ಅವನಿಗೆ ಅಪರಾಧವಾಯಿತು. ಅವನು ಅಲ್ಲಿಗೆ ಹೋಗುವುದನ್ನೇ ಬಿಟ್ಟನು. ಮರುವರ್ಷ ಲಿಟ್ಲ್ ರಾಕ್ ನಗರದ ಶಾಲೆಯಲ್ಲಿ ಕಪ್ಪು ಮಕ್ಕಳನ್ನು ತಡೆದಾಗ, ಸದಾ ನಗುಮುಖದವನೆಂದು ಹೆಸರಾಗಿದ್ದ ಆರ್ಮ್‌ಸ್ಟ್ರಾಂಗ್ ರಾಷ್ಟ್ರಾಧ್ಯಕ್ಷನನ್ನು ಬಹಿರಂಗವಾಗಿ ಖಂಡಿಸಿ, ಸೋವಿಯೆತ್ ದೇಶದ ಪ್ರವಾಸದಿಂದ ಹಿಂದೆ ಸರಿದನು. ಲೂಯಿಸಿಯಾನಾದ ಆ ಕಾನೂನಿನ ಮೇಲೆ ನ್ಯಾಯಾಲಯದಲ್ಲಿ ಮೊದಲ ಪೆಟ್ಟು ಬಿದ್ದದ್ದು ವಾದಕನೊಬ್ಬನಿಂದಲ್ಲ. ಬಿಳಿಯರೊಡನೆ ಸೆಣಸುವ ಹಕ್ಕಿಗಾಗಿ ದಾವೆ ಹೂಡಿದ ಒಬ್ಬ ಕಪ್ಪು ಮುಷ್ಟಿಮಲ್ಲನು 1959ರಲ್ಲಿ ಪರಮೋಚ್ಚ ನ್ಯಾಯಾಲಯದವರೆಗೆ ಹೋಗಿ ಗೆದ್ದನು. 1964ರ ನಾಗರಿಕ ಹಕ್ಕುಗಳ ಶಾಸನವು ಜಾರಿಗೆ ಬಂದ ಮೇಲೆ, 1965ರಲ್ಲಿ, ಆರ್ಮ್‌ಸ್ಟ್ರಾಂಗ್ ತನ್ನ ಮೇಳವನ್ನು ಕರೆದುಕೊಂಡು ನ್ಯೂ ಆರ್ಲಿಯನ್ಸಿಗೆ ಹಿಂತಿರುಗಿದನು. ಆಗ ಅವನಿಗೆ ಅರವತ್ತನಾಲ್ಕು ವರ್ಷ. ಅವನ ಸ್ವಂತ ಲೆಕ್ಕದಂತೆ ಅರವತ್ತೈದು.